ಜಿಮ್ಖಾನಾ (ಕುದುರೆ ಸವಾರಿಯ ಆಟಗಳು)

ಗಡಿಯಾರದ ಲೆಕ್ಕದಲ್ಲಿ, ಕುದುರೆಯ ಮೇಲೆ ಕುಳಿತು ಆಡುವ ಬಗೆಬಗೆಯ ಆಟಗಳಿಗೆ ಜಿಮ್ಖಾನಾ ಎಂದು ಹೆಸರು. ಪೀಪಾಯಿಗಳನ್ನು ಸುತ್ತಿ ಬರುವುದು, ಸಾಲುಕಂಬಗಳ ನಡುವೆ ಹಾವಿನಂತೆ ನುಸುಳುವುದು, ಓಡುತ್ತಲೇ ಬಾವುಟ ಕಿತ್ತು ಇನ್ನೊಂದೆಡೆ ನೆಡುವುದು, ಚಮಚದಲ್ಲಿ ಮೊಟ್ಟೆ ಹಿಡಿದು ಸವಾರಿ ಮಾಡುವುದು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಡ್ರೆಸಾಜ್‌ನಂಥ ಅಶ್ವಕ್ರೀಡೆಯಲ್ಲಿ ಕುದುರೆಯ ಚಲನೆ ಎಷ್ಟು ಅಂದವಾಗಿದೆ ಎಂದು ತೀರ್ಪುಗಾರರು ಅಂಕ ಕೊಡುತ್ತಾರೆ. ಜಿಮ್ಖಾನಾದಲ್ಲಿ ಅಂದಕ್ಕೆ ಅಂಕವಿಲ್ಲ. ನಿಯಮ ಮುರಿಯದೆ ಬೇಗ ಮುಗಿಸಿದವರು ಗೆದ್ದಂತೆ. ಜಾತಿಕುದುರೆ ಬೇಕೆಂಬ ಕಟ್ಟಳೆಯಿಲ್ಲ, ದುಬಾರಿ ಉಡುಪು ಬೇಡ, ಬೇಲಿ ಹಾರಿಸುವ ಸಾಹಸವೂ ಹೆಚ್ಚಾಗಿ ಇರುವುದಿಲ್ಲ. ಆದ್ದರಿಂದಲೇ ಸವಾರಿ ಕಲಿಯುತ್ತಿರುವ ಮಕ್ಕಳಿಗೆ ಇದು ಮೊದಲ ಸ್ಪರ್ಧಾಕಣ. ಇದರ ಮೇಲ್ತುದಿಯಲ್ಲಿ ಲಕ್ಷಾಂತರ ಡಾಲರ್ ಬಹುಮಾನದ ವೃತ್ತಿಪರ ಪಂದ್ಯಗಳೂ ಇವೆ.

ಹೆಸರಿನ ಹುಟ್ಟು

ಪದ ಹುಟ್ಟಿದ್ದು ಭಾರತದಲ್ಲಿ. ಇಂಗ್ಲಿಷರು ರ್‍ಯಾಕೆಟ್ ಆಡುತ್ತಿದ್ದ ಅಂಗಳಕ್ಕೆ ಇಲ್ಲಿನವರು ‘ಗೇಂದ್‌ಖಾನಾ’, ಅಂದರೆ ಚೆಂಡಿನ ಮನೆ, ಎನ್ನುತ್ತಿದ್ದರು. ಇಂಗ್ಲಿಷಿನ ಜಿಮ್ನಾಸ್ಟಿಕ್ಸ್ ಪದದ ಮೊದಲ ತುಂಡು ಅದರ ತಲೆಯ ಮೇಲೆ ಕುಳಿತು ಜಿಮ್ಖಾನಾ ಆಯಿತು. ಆಂಗ್ಲೋ-ಇಂಡಿಯನ್ ಪದಗಳ ಪ್ರಸಿದ್ಧ ಕೋಶವಾದ ‘ಹಾಬ್ಸನ್-ಜಾಬ್ಸನ್’ ಈ ಪದದ ಮೊದಲ ಬಳಕೆಯನ್ನು 1861ರ ರೂರ್ಕಿಗೆ ಒಯ್ಯುತ್ತದೆ. ಆಗ ಅದಕ್ಕೆ ಊರಿನ ಆಟದ ಸೌಕರ್ಯಗಳೆಲ್ಲ ಒಂದೆಡೆ ಸೇರಿದ ಜಾಗ ಎಂಬ ಅರ್ಥವಿತ್ತು. 1875ರಲ್ಲಿ ಆರಂಭವಾದ ಬಾಂಬೆ ಜಿಮ್ಖಾನಾ ಅದೇ ಅರ್ಥವನ್ನು ಉಳಿಸಿಕೊಂಡಿದೆ. ಉತ್ತರ ಕರ್ನಾಟಕದ ಕಾಲೇಜುಗಳಲ್ಲಿ ಆಟೋಟಗಳ ಹೊಣೆ ಹೊತ್ತವರಿಗೆ ಜಿಮಖಾನಾ ಕಾರ್ಯದರ್ಶಿ ಎನ್ನುವ ರೂಢಿಯೂ ಇದರ ಮುಂದುವರಿಕೆಯೇ.

ದಂಡಿನ ಊರುಗಳಲ್ಲಿ ಅಧಿಕಾರಿಗಳು ಬಿಡುವಿನ ವೇಳೆ ಏರ್ಪಡಿಸುತ್ತಿದ್ದ ಆಟದ ಕೂಟಗಳಿಗೂ ಇದೇ ಹೆಸರು ಅಂಟಿಕೊಂಡಿತು. ಕುದುರೆಗಳು ಕೈಗೆಟುಕುವಷ್ಟು ಹತ್ತಿರದಲ್ಲೇ ಇದ್ದುದರಿಂದ ಕೂಟದ ಬಹುಪಾಲು ಆಟಗಳು ಕುದುರೆಯ ಮೇಲೇ ನಡೆದವು. ಪದ ಇಂಗ್ಲೆಂಡಿಗೆ ಹೋದಾಗ ಕ್ಲಬ್ಬಿನ ಅರ್ಥ ಇಲ್ಲೇ ಉಳಿಯಿತು, ಕುದುರೆಯಾಟದ ಅರ್ಥ ಮಾತ್ರ ಹಡಗು ಹತ್ತಿತು. ಇಂದು ಬ್ರಿಟನ್ನಿನಲ್ಲಿ ಜಿಮ್ಖಾನಾ ಎಂದರೆ ಮಕ್ಕಳು ತಟ್ಟುಕುದುರೆಗಳ ಮೇಲೆ ಆಡುವ ಆಟಗಳ ದಿನ. ಶಂಕುಗಳ ನಡುವೆ ಕಾರು ತಿರುಗಿಸುವ ಮೋಟಾರು ಸ್ಪರ್ಧೆಗೂ ಈ ಹೆಸರೇ ಬಂದಿದೆ.

ಕುದುರೆ ಹತ್ತಿ ಚೆಂಡಾಡುವ ವಿನೋದ ನಮ್ಮಲ್ಲಿ ಇಂಗ್ಲಿಷರಿಗಿಂತ ಬಹಳ ಹಿಂದಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತುರಗವಾಹ್ಯಾಳಿ ವಿನೋದ ಎಂಬ ಭಾಗವಿದೆ. ಸವಾರರು ಎರಡು ತಂಡವಾಗಿ ಚೆಂಡು ಹೊಡೆಯುವ, ಪೋಲೋ ಹೋಲುವ ಆಟವನ್ನು ಅದು ವಿವರಿಸುತ್ತದೆ. ಕನ್ನಡದ ವಯ್ಯಾಳಿ ಇದೇ ವಾಹ್ಯಾಳಿಯ ತದ್ಭವ.

ಬ್ರಿಟನ್: ಶಾಲಾ ಆಟೋಟ ಕುದುರೆ ಹತ್ತಿದಾಗ

ಬ್ರಿಟಿಷ್ ಜಿಮ್ಖಾನಾದ ಆಟಗಳ ಪಟ್ಟಿ ನೋಡಿದರೆ ಕನ್ನಡ ಶಾಲೆಯ ಆಟೋಟದ ದಿನ ನೆನಪಾಗುತ್ತದೆ. ಚಮಚದಲ್ಲಿ ನಿಂಬೆಹಣ್ಣಿನ ಬದಲು ಮೊಟ್ಟೆ, ಗೋಣಿಚೀಲದ ಓಟ, ಸಂಗೀತ ಕುರ್ಚಿಯ ಬದಲು ಸಂಗೀತ ಗೋಣಿ. ಸಂಗೀತ ನಿಂತೊಡನೆ ಸವಾರ ಇಳಿದು, ಕುದುರೆಯನ್ನು ಲಗಾಮು ಹಿಡಿದು ಎಳೆದುಕೊಂಡು ಓಡಿ, ನೆಲಕ್ಕೆ ಹಾಸಿದ ಗೋಣಿಯ ಮೇಲೆ ನಿಲ್ಲಬೇಕು. ಕುದುರೆ ಬರಲೊಲ್ಲೆ ಎಂದರೆ ಆಟ ಮುಗಿದಂತೆ.

ಈ ಊರಹಬ್ಬದ ಆಟಗಳಿಗೆ ಚೌಕಟ್ಟು ಒದಗಿಸಿದ್ದು 1929ರಲ್ಲಿ ಹುಟ್ಟಿದ ಪೋನಿ ಕ್ಲಬ್. ಮಕ್ಕಳಿಗೆ ಸವಾರಿಯನ್ನೂ ಕುದುರೆಯ ಆರೈಕೆಯನ್ನೂ ಕಲಿಸುವುದು ಅದರ ಗುರಿ. 1957ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಅವರ ಪತಿ ಪ್ರಿನ್ಸ್ ಫಿಲಿಪ್ ಒಂದು ಸಲಹೆ ಮುಂದಿಟ್ಟರು: ದುಬಾರಿ ಕುದುರೆ ಕೊಳ್ಳಲಾಗದ ಮಕ್ಕಳು ತಮ್ಮ ಮನೆಯ ಸಾಧಾರಣ ತಟ್ಟುವಿನ ಮೇಲೇ ರಾಷ್ಟ್ರಮಟ್ಟದಲ್ಲಿ ಸೆಣಸುವಂಥ ಸ್ಪರ್ಧೆ ಬೇಕು. ಅದನ್ನು ಕಾರ್ಯಕ್ಕಿಳಿಸಿದವರು ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡಿದ್ದ ಅಶ್ವದಳದ ಅಧಿಕಾರಿ ಕರ್ನಲ್ ಮೈಕ್ ಆನ್ಸೆಲ್. ಆ ವರ್ಷವೇ ‘ಹಾರ್ಸ್ ಆಫ್ ದಿ ಇಯರ್ ಷೋ’ದಲ್ಲಿ ಪ್ರಿನ್ಸ್ ಫಿಲಿಪ್ ಕಪ್ ಶುರುವಾಯಿತು. ಪೋನಿ ಕ್ಲಬ್ಬಿನ ವಿವಿಧ ಶಾಖೆಗಳ ತಂಡಗಳು ವಲಯ ಹಂತಗಳನ್ನು ದಾಟಿ ಅಂತಿಮ ಸುತ್ತಿಗೆ ಬರುವ ಕ್ರಮ ಇಂದಿಗೂ ನಡೆದಿದೆ.

ತಂಡದಲ್ಲಿ ಐವರು, ಪ್ರತಿ ಆಟಕ್ಕೆ ನಾಲ್ವರು ಇಳಿಯುತ್ತಾರೆ. ತಂಡಗಳು ಅಕ್ಕಪಕ್ಕದ ಓಣಿಗಳಲ್ಲಿ ಒಟ್ಟಿಗೆ ಹೊರಡುತ್ತವೆ. ಒಬ್ಬರು ಮುಗಿಸಿ ಬಂದು ಕೋಲನ್ನೋ ಬಾವುಟವನ್ನೋ ಮುಂದಿನವರ ಕೈಗೆ ದಾಟಿಸಬೇಕು. ವಸ್ತು ಬಿದ್ದರೆ ಕುದುರೆಯಿಂದ ಇಳಿದು ಎತ್ತಿಕೊಂಡು ಮತ್ತೆ ಹತ್ತಬಹುದು. ಕಂಬ ತಪ್ಪಿಸಿಕೊಂಡು ಹೋದರೆ ಹಿಂದಿರುಗಿ ಸರಿಪಡಿಸಬೇಕು. ಹೀಗಾಗಿ ಇಲ್ಲಿ ದಂಡದ ಸೆಕೆಂಡುಗಳ ಅಗತ್ಯ ಕಡಿಮೆ, ತಪ್ಪು ತಿದ್ದಲು ಹಿಡಿದ ಹೊತ್ತೇ ದಂಡ. ಚಾಟಿಗೂ ಕಾಲಿನ ಮುಳ್ಳಿಗೂ ಈ ಆಟದಲ್ಲಿ ಅವಕಾಶವಿಲ್ಲ. ಓಡುತ್ತಿರುವ ಕುದುರೆಯ ಪಕ್ಕದಲ್ಲೇ ಓಡಿ, ರಿಕಾಪು ಮುಟ್ಟದೆ ಒಂದೇ ನೆಗೆತಕ್ಕೆ ಜೀನಿನ ಮೇಲೆ ಕೂರುವ ಕಲೆ ಈ ಸವಾರರ ಗುರುತು.

ಕಿರಿಯರ ವಯೋಮಿತಿ ದಾಟಿದವರಿಗೂ ಆಟ ಬಿಡಲು ಮನಸ್ಸಿರಲಿಲ್ಲ. ಅವರಿಗಾಗಿ 1984ರಲ್ಲಿ ಬ್ರಿಟನ್ನಿನಲ್ಲಿ ಮೌಂಟೆಡ್ ಗೇಮ್ಸ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಮುಂದೆ ಯೂರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾಗಳ ತಂಡಗಳು ಸೇರಿ ಅಂತರರಾಷ್ಟ್ರೀಯ ಪಂದ್ಯಗಳೂ ನಡೆಯತೊಡಗಿದವು.

ಅಮೆರಿಕ: ಒಬ್ಬ ಸವಾರ, ಒಂದು ಗಡಿಯಾರ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಆಟ ಬೇರೆ ದಾರಿ ಹಿಡಿಯಿತು. ಅಲ್ಲಿ ಕುದುರೆ ದನ ಕಾಯುವವರ ದಿನನಿತ್ಯದ ಸಂಗಾತಿ. ತಪ್ಪಿಸಿಕೊಂಡ ಕರುವಿನ ಹಿಂದೆ ಓಡಿ, ಗಕ್ಕನೆ ನಿಂತು, ನಿಂತಲ್ಲೇ ತಿರುಗುವ ಕುದುರೆಗೆ ಬೆಲೆ. ಅದೇ ಚುರುಕುತನ ಇಲ್ಲಿ ಆಟವಾಯಿತು. ಸವಾರರು ಒಬ್ಬೊಬ್ಬರಾಗಿ ಕಣಕ್ಕಿಳಿಯುತ್ತಾರೆ, ಪ್ರತಿಯೊಬ್ಬರ ಸಮಯವನ್ನೂ ಬೇರೆಯಾಗಿ ಅಳೆಯಲಾಗುತ್ತದೆ. ಮೊಂಟಾನಾ ಮತ್ತು ಅದರ ಸುತ್ತಲ ರಾಜ್ಯಗಳಲ್ಲಿ ಈ ಆಟಗಳಿಗೆ ‘ಓ-ಮಾಕ್-ಸೀ’ ಎನ್ನುತ್ತಾರೆ. ಕುದುರೆಗಳ ಮೇಲಿನ ದೊಡ್ಡ ಕುಣಿತ ಎಂಬ ಅರ್ಥದ ಬ್ಲ್ಯಾಕ್‌ಫೀಟ್ ಮೂಲನಿವಾಸಿಗಳ ಮಾತಿನಿಂದ ಬಂದ ಹೆಸರಿದು. ಕ್ಯಾಲಿಫೋರ್ನಿಯಾದಲ್ಲಿ ಭಾರತದ ಪದವೇ ನೆಲೆ ನಿಂತಿದೆ. 1972ರಿಂದ ಅಲ್ಲಿ ಕ್ಯಾಲಿಫೋರ್ನಿಯಾ ಜಿಮ್ಖಾನಾ ಅಸೋಸಿಯೇಷನ್ ಇದೆ.

ಈ ಆಟಗಳಲ್ಲಿ ಒಂದಾದ, ಪೀಪಾಯಿ ಸುತ್ತುವ ಬ್ಯಾರೆಲ್ ರೇಸ್ ಮಾತ್ರ ದನಗಾಹಿಗಳ ಕೌಶಲದ ಸ್ಪರ್ಧೆಗಳಾದ ವೃತ್ತಿಪರ ರೋಡಿಯೊ ಪಂದ್ಯಗಳಿಗೆ ಏರಿತು. 1948ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಜೆಲೊದಲ್ಲಿ 38 ಮಹಿಳೆಯರು ಸೇರಿ ಗರ್ಲ್ಸ್ ರೋಡಿಯೊ ಅಸೋಸಿಯೇಷನ್ ಕಟ್ಟಿದರು. ಆ ಸಂಸ್ಥೆಯೇ 1981ರಲ್ಲಿ ವಿಮೆನ್ಸ್ ಪ್ರೊಫೆಷನಲ್ ರೋಡಿಯೊ ಅಸೋಸಿಯೇಷನ್ ಆಯಿತು. 1967ರಿಂದ ಬ್ಯಾರೆಲ್ ರೇಸ್ ರಾಷ್ಟ್ರೀಯ ರೋಡಿಯೊ ಅಂತಿಮ ಪಂದ್ಯದ ಭಾಗವಾಗಿದೆ.

ಈ ಆಟದ ಅತಿ ದೊಡ್ಡ ಹೆಸರು ಚಾರ್ಮೇನ್ ಜೇಮ್ಸ್ ಮತ್ತು ಅವರ ಕಂದುಬಣ್ಣದ ಕುದುರೆ ಸ್ಕ್ಯಾಂಪರ್. 1984ರಿಂದ 1993ರವರೆಗೆ ಈ ಜೋಡಿ ಸತತ ಹತ್ತು ವಿಶ್ವ ಪ್ರಶಸ್ತಿ ಗೆದ್ದಿತು. ಮೊದಲನೆಯದನ್ನು ಗೆದ್ದಾಗ ಜೇಮ್ಸ್ ಇನ್ನೂ ಹದಿನಾಲ್ಕರ ಹುಡುಗಿ. 1985ರ ಅಂತಿಮ ಪಂದ್ಯದ ಒಂದು ಸುತ್ತಿನಲ್ಲಿ ಓಟದ ನಡುವೆಯೇ ಸ್ಕ್ಯಾಂಪರನ ತಲೆಯಿಂದ ಕಡಿವಾಣ ಕಳಚಿತು. ಲಗಾಮಿನ ಹಿಡಿತವಿಲ್ಲದೆಯೇ ಕುದುರೆ ಉಳಿದ ಹಾದಿ ಮುಗಿಸಿತು, ಸುತ್ತನ್ನೂ ಗೆದ್ದಿತು. 1996ರಲ್ಲಿ ಅದು ಪ್ರೊರೋಡಿಯೊ ಹಾಲ್ ಆಫ್ ಫೇಮ್ ಸೇರಿತು.

ಮುಖ್ಯ ಆಟಗಳು

ಬ್ಯಾರೆಲ್ ರೇಸ್: ಮೂರು ಎಣ್ಣೆ ಡ್ರಮ್ಮುಗಳನ್ನು ತ್ರಿಕೋನವಾಗಿ ಇಡುತ್ತಾರೆ. ರೂಢಿಯ ಅಳತೆಯಲ್ಲಿ ಮೊದಲೆರಡರ ನಡುವೆ 90 ಅಡಿ, ಅವೆರಡರಿಂದ ಮೂರನೆಯದಕ್ಕೆ ತಲಾ 105 ಅಡಿ, ಆರಂಭ ರೇಖೆಯಿಂದ ಮೊದಲೆರಡು ಡ್ರಮ್ಮುಗಳ ಸಾಲಿಗೆ 60 ಅಡಿ ಅಂತರ. ಸವಾರ ಒಂದೊಂದನ್ನೂ ಸುತ್ತಿ, ಮೂರನೆಯದರಿಂದ ನೇರವಾಗಿ ಆರಂಭ ರೇಖೆಗೆ ಮರಳಬೇಕು. ಮೇಲಿಂದ ನೋಡಿದರೆ ಹಾದಿ ಮೂರು ದಳದ ಎಲೆಯಂತೆ ಕಾಣುತ್ತದೆ. ಬಲದ ಡ್ರಮ್ಮಿನಿಂದ ಆರಂಭಿಸಿದರೆ ಒಂದು ಬಲಸುತ್ತು, ಎರಡು ಎಡಸುತ್ತು. ಎಡದಿಂದಾದರೆ ಇದರ ತಿರುಗುಮುರುಗು. ಡ್ರಮ್ಮು ಉರುಳಿದರೆ 5 ಸೆಕೆಂಡ್ ದಂಡ. ಡ್ರಮ್ಮು ಅಲುಗಾಡುವಾಗ ಕೈಯಿಂದ ಹಿಡಿದು ನಿಲ್ಲಿಸಿದರೆ ತಪ್ಪಲ್ಲ. ಹಾದಿಯೇ ತಪ್ಪಿದರೆ ಸಮಯ ಲೆಕ್ಕಕ್ಕಿಲ್ಲ.

ಪೋಲ್ ಬೆಂಡಿಂಗ್: 21 ಅಡಿ ಅಂತರದಲ್ಲಿ ಒಂದೇ ಸಾಲಿಗೆ ಆರು ಕಂಬಗಳು, ಮೊದಲನೆಯದು ಆರಂಭ ರೇಖೆಯಿಂದ 21 ಅಡಿ ದೂರ. ಸಾಲಿನ ಪಕ್ಕದಲ್ಲಿ ನೇರ ಓಡಿ ಕೊನೆಯ ಕಂಬ ಸುತ್ತಿ, ಒಂದೊಂದು ಕಂಬವನ್ನೂ ಅತ್ತಿತ್ತ ಬಿಟ್ಟು ನುಸುಳುತ್ತ ಮೊದಲ ಕಂಬಕ್ಕೆ ಬಂದು, ಮತ್ತೆ ನುಸುಳುತ್ತ ಕೊನೆಗೆ ಹೋಗಿ, ನೇರ ಓಟದಲ್ಲಿ ಮರಳಬೇಕು. ಕಂಬ ಬಿದ್ದರೆ ಇಲ್ಲೂ 5 ಸೆಕೆಂಡ್. ನುರಿತ ಜೋಡಿಗೆ ಇಡೀ ಆಟಕ್ಕೆ ಸುಮಾರು 20 ಸೆಕೆಂಡ್ ಸಾಕು.

ಕೀಲಿಕಂಡಿ ಆಟ: ನೆಲದ ಮೇಲೆ ಸುಣ್ಣದ ಪುಡಿಯಿಂದ ದೊಡ್ಡ ಕೀಲಿಕಂಡಿಯ ಆಕಾರ ಬರೆಯುತ್ತಾರೆ. ಕಿರಿದಾದ ಓಣಿಯಲ್ಲಿ ನುಗ್ಗಿ, ತುದಿಯ ವೃತ್ತದಲ್ಲಿ ತಿರುಗಿ, ಅದೇ ಓಣಿಯಲ್ಲಿ ಹೊರಬರಬೇಕು. ಗೊರಸು ಗೆರೆ ದಾಟಿದರೆ ಸವಾರ ಹೊರಗೆ. ನಾಗಾಲೋಟದಿಂದ ಒಮ್ಮೆಗೇ ನಿಂತು ತಿರುಗುವ ಕುದುರೆಗಷ್ಟೇ ಇದು ಒಲಿಯುತ್ತದೆ.

ಬಾವುಟದ ಆಟ: ಡ್ರಮ್ಮಿನ ಮೇಲಿನ ಬಕೆಟ್ಟಿನಲ್ಲಿ ಮರಳು, ಮರಳಿನಲ್ಲಿ ನೆಟ್ಟ ಬಾವುಟ. ಓಡುತ್ತಲೇ ಒಂದನ್ನು ಕಿತ್ತು ಇನ್ನೊಂದು ಬಕೆಟ್ಟಿಗೆ ಚುಚ್ಚಬೇಕು. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಬಾವುಟ, ಕಣ್ಣು ಮುಂದಿನ ಬಕೆಟ್ಟಿನ ಮೇಲೆ.

ತಂಡದ ಆಟಗಳು: ಕಂಬದ ತುದಿಯ ಲೋಟಗಳನ್ನು ಅದಲುಬದಲು ಮಾಡುವುದು, ಕಾಲುಚೀಲವನ್ನು ಬಕೆಟ್ಟಿಗೆ ಹಾಕುವುದು, ಕತ್ತಿಯಿಂದ ಬಳೆಗಳನ್ನು ಎತ್ತುವುದು, ಸಾಲಾಗಿ ಇಟ್ಟ ಮೆಟ್ಟುಗಲ್ಲುಗಳ ಮೇಲೆ ಕುದುರೆಯ ಪಕ್ಕದಲ್ಲೇ ಓಡುವುದು ಬ್ರಿಟಿಷ್ ಕೂಟಗಳಲ್ಲಿ ಸಾಮಾನ್ಯ.

ಅಶ್ವಾರೋಹಿ ಗುರಿಯಾಟ: 1990ರ ದಶಕದಲ್ಲಿ ಅಮೆರಿಕದ ಅರಿಜೋನಾದಿಂದ ಬೆಳೆದ ಆಟ. ಸವಾರ ಎರಡು ರಿವಾಲ್ವರುಗಳಿಂದ ಹತ್ತು ಬಲೂನುಗಳನ್ನು ಒಡೆಯುತ್ತಾನೆ. ತೋಟಾದಲ್ಲಿ ಗುಂಡು ಇರುವುದಿಲ್ಲ, ಉರಿದ ಮದ್ದಿನ ಕಿಡಿಗೇ ಬಲೂನು ಒಡೆಯುತ್ತದೆ. ತಪ್ಪಿದ ಪ್ರತಿ ಬಲೂನಿಗೆ 5 ಸೆಕೆಂಡ್ ದಂಡ.

ಸಮಯ ಎಲ್ಲಿ ಹೋಗುತ್ತದೆ

ನೋಡುವವರಿಗೆ ಇದು ವೇಗದ ಆಟ. ಲೆಕ್ಕ ಹಾಕಿದರೆ ಇದು ತಿರುವಿನ ಆಟ. ಬ್ಯಾರೆಲ್ ರೇಸಿನ ನೇರ ಭಾಗಗಳನ್ನು ಕೂಡಿದರೆ ಸುಮಾರು 425 ಅಡಿ, ಅಂದರೆ 130 ಮೀಟರ್ ಆಗುತ್ತದೆ. ರೂಢಿಯ ಅಳತೆಯ ಕಣದಲ್ಲಿ ಒಳ್ಳೆಯ ಜೋಡಿಗೆ ಇದಕ್ಕೆ ಸುಮಾರು 17 ಸೆಕೆಂಡ್ ಬೇಕು. ಆದರೆ ಕ್ವಾರ್ಟರ್ ಹಾರ್ಸ್ ಎಂಬ ತಳಿಯ ರೇಸ್‌ಕುದುರೆ ನೇರ ಹಾದಿಯಲ್ಲಿ ಕಾಲು ಮೈಲಿಯನ್ನು, ಅಂದರೆ 402 ಮೀಟರನ್ನು, 21 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸಬಲ್ಲದು. ಮೂರು ಪಟ್ಟು ದೂರಕ್ಕೆ ಹೆಚ್ಚು ಹಿಡಿದದ್ದು ನಾಲ್ಕೇ ಸೆಕೆಂಡ್. ಉಳಿದ ಸಮಯವನ್ನೆಲ್ಲ ನುಂಗುವುದು ಡ್ರಮ್ಮಿನ ಮುಂದೆ ವೇಗ ಇಳಿಸುವುದು, ಸುತ್ತುವುದು, ಮತ್ತೆ ವೇಗ ಹಿಡಿಯುವುದು. ಡ್ರಮ್ಮಿನಿಂದ ಒಂದಡಿ ಹೆಚ್ಚು ದೂರ ಸರಿದು ಸುತ್ತಿದರೆ ಪೂರ್ತಿ ಸುತ್ತಿಗೆ ಆರಡಿಗೂ ಮಿಕ್ಕಿ ಹಾದಿ ಬೆಳೆಯುತ್ತದೆ. ತೀರ ಹತ್ತಿರ ಹೋದರೆ ಮೊಣಕಾಲು ಬಡಿದು ಡ್ರಮ್ಮು ಉರುಳುತ್ತದೆ.

ಸೆಕೆಂಡಿನ ನೂರನೆಯ, ಸಾವಿರದ ಒಂದನೆಯ ಭಾಗದಲ್ಲಿ ಸೋಲುಗೆಲುವು ನಿರ್ಧಾರವಾಗುವುದರಿಂದ ದೊಡ್ಡ ಕೂಟಗಳಲ್ಲಿ ಕೈಯಿಂದ ಒತ್ತುವ ಗಡಿಯಾರದ ಕಾಲ ಮುಗಿದಿದೆ. ಆರಂಭ ರೇಖೆಯ ಎರಡೂ ಬದಿ ನಿಲ್ಲಿಸಿದ ಉಪಕರಣಗಳ ನಡುವಿನ ಬೆಳಕಿನ ಕಿರಣವನ್ನು ಕುದುರೆ ಕತ್ತರಿಸಿದೊಡನೆ ಗಡಿಯಾರ ಚಾಲೂ ಆಗುತ್ತದೆ, ಮರಳಿ ಕತ್ತರಿಸಿದಾಗ ನಿಲ್ಲುತ್ತದೆ. ಸವಾರ ದೂರದಿಂದಲೇ ಓಡಿಕೊಂಡು ಬಂದು ರೇಖೆ ದಾಟಬಹುದು. ಹಳ್ಳಿಯ ಕೂಟಗಳಲ್ಲಿ ಇಬ್ಬರು ಸಮಯಪಾಲಕರು ಬಾವುಟದ ಸನ್ನೆ ನೋಡಿ ಗಡಿಯಾರ ಒತ್ತುವುದು ಇನ್ನೂ ಇದೆ.

ಎಲ್ಲರಿಗೂ ಗೆಲ್ಲುವ ಆಸೆ ಉಳಿಯಲೆಂದು ಅಮೆರಿಕದಲ್ಲಿ ವಿಭಾಗ ಪದ್ಧತಿಯೊಂದು ಬಂದಿದೆ. 1992ರಲ್ಲಿ ಆರಂಭವಾದ ನ್ಯಾಷನಲ್ ಬ್ಯಾರೆಲ್ ಹಾರ್ಸ್ ಅಸೋಸಿಯೇಷನ್ ಇದನ್ನು ಜನಪ್ರಿಯಗೊಳಿಸಿತು. ದಿನದ ಅತಿ ಕಡಿಮೆ ಸಮಯ 17 ಸೆಕೆಂಡ್ ಎಂದಿಟ್ಟುಕೊಳ್ಳಿ. ಅದಕ್ಕಿಂತ ಅರ್ಧ ಸೆಕೆಂಡ್ ತಡವಾದವರಿಂದ, ಅಂದರೆ 17.5ರಿಂದ, ಎರಡನೇ ವಿಭಾಗ, 18ರಿಂದ ಮೂರನೆಯದು. ಪ್ರತಿ ವಿಭಾಗದ ಮೊದಲಿಗರಿಗೂ ಬಹುಮಾನ ಉಂಟು. ವಯಸ್ಸಾದ ಕುದುರೆ, ಹೊಸ ಸವಾರ, ವಾರವಿಡೀ ಕಚೇರಿಗೆ ಹೋಗಿ ಭಾನುವಾರ ಮಾತ್ರ ಜೀನು ಕಟ್ಟುವವರು ಇವರೆಲ್ಲರೂ ಕಣದಲ್ಲಿ ಉಳಿದಿರುವುದು ಇದರಿಂದಲೇ.

ಕುದುರೆ ಮತ್ತು ಪಳಗಿಸುವಿಕೆ

ಅಮೆರಿಕದ ಆಟಗಳಲ್ಲಿ ಕ್ವಾರ್ಟರ್ ಹಾರ್ಸ್ ತಳಿಯದೇ ಮೇಲುಗೈ. ಕಾಲು ಮೈಲಿಯ ಓಟದಲ್ಲಿ ಮೀರುವವರಿಲ್ಲ ಎಂಬುದರಿಂದ ಆ ಹೆಸರು. 1940ರಲ್ಲಿ ಇದರ ತಳಿಸಂಘ ಸ್ಥಾಪನೆಯಾಯಿತು. ಗಿಡ್ಡ ಬೆನ್ನು, ದಪ್ಪ ತೊಡೆ, ಗಟ್ಟಿ ಹಿಂಭಾಗ ಇದರ ಲಕ್ಷಣ. ಬ್ರಿಟಿಷ್ ಆಟಗಳಿಗೆ ನೆಗೆದು ಹತ್ತಲು ಎಟುಕುವ ತಟ್ಟು ಬೇಕು. ವೆಲ್ಷ್ ತಟ್ಟು ಮತ್ತು ಅದರ ಮಿಶ್ರತಳಿಗಳು ಅಲ್ಲಿ ಹೆಚ್ಚು. ಅಂತರರಾಷ್ಟ್ರೀಯ ನಿಯಮದಂತೆ ಲಾಳವಿಲ್ಲದೆ 148 ಸೆಂ.ಮೀ. ಎತ್ತರದವರೆಗಿನದು ತಟ್ಟು.

ತಿರುವಿನ ಗುಟ್ಟು ಕುದುರೆಯ ಕಾಲಿನಲ್ಲಿದೆ. ಓಡುವಾಗ ಕುದುರೆ ಒಂದು ಬದಿಯ ಮುಂಗಾಲನ್ನು ಇನ್ನೊಂದಕ್ಕಿಂತ ಮುಂದೆ ಚಾಚುತ್ತದೆ. ಎಡಕ್ಕೆ ತಿರುಗುವಾಗ ಎಡಗಾಲು, ಬಲಕ್ಕಾದರೆ ಬಲಗಾಲು ಮುಂದಿರಬೇಕು; ತಪ್ಪಿದರೆ ಮುಗ್ಗರಿಸುತ್ತದೆ ಅಥವಾ ಸುತ್ತು ಅಗಲವಾಗುತ್ತದೆ. ಪೋಲ್ ಬೆಂಡಿಂಗಿನಲ್ಲಿ ಒಂದೊಂದು ಕಂಬಕ್ಕೂ ಓಟ ನಿಲ್ಲಿಸದೆ ಕಾಲು ಬದಲಿಸುವುದು ಕಠಿಣ ಪಾಠ. ತಿರುವಿಗೆ ಮುನ್ನ ಭಾರವನ್ನೆಲ್ಲ ಹಿಂಗಾಲಿಗೆ ತಂದು ಕುದುರೆ ತುಸು ಕುಳಿತಂತಾಗಬೇಕು. ಆಗ ಸವಾರ ಜೀನಿನಲ್ಲಿ ಆಳವಾಗಿ ಕೂತು, ಡ್ರಮ್ಮನ್ನು ನೋಡುವುದು ಬಿಟ್ಟು ಮುಂದೆ ಹೋಗಬೇಕಾದ ಹಾದಿಯನ್ನು ನೋಡಬೇಕು. ಅವನ ತಲೆ, ಭುಜ, ಸೊಂಟ ತಿರುಗಿದ ಕಡೆಗೆ ಕುದುರೆಯೂ ತಿರುಗುತ್ತದೆ.

ಒಳ್ಳೆಯ ಶಿಕ್ಷಕರು ಮೊದಲ ತಿಂಗಳುಗಳಲ್ಲಿ ಕುದುರೆಯನ್ನು ಓಡಿಸುವುದಿಲ್ಲ. ನಡಿಗೆಯಲ್ಲಿ ಹಾದಿ ತಿಳಿಯಬೇಕು, ಆಮೇಲೆ ಟ್ರಾಟ್ ಎಂಬ ಕುಕ್ಕೋಟ, ಆಮೇಲೆ ಕ್ಯಾಂಟರ್ ಎಂಬ ಹದವಾದ ಓಟ, ನಾಗಾಲೋಟ ಕೊನೆಗೆ. ಹಾದಿಯನ್ನೇ ದಿನವೂ ಉರು ಹೊಡೆಸಿದರೆ ಕುದುರೆ ಸವಾರನ ಸನ್ನೆಗೆ ಕಾಯದೆ ತಾನೇ ತಿರುಗತೊಡಗುತ್ತದೆ, ಇಲ್ಲವೇ ಬೇಸತ್ತು ಕಣದ ಬಾಗಿಲಲ್ಲೇ ನಿಂತುಬಿಡುತ್ತದೆ.

ಸುರಕ್ಷತೆ

ನೆಲ ಗಟ್ಟಿಯಾದರೆ ಗೊರಸು ಜಾರುತ್ತದೆ, ತೀರ ಸಡಿಲವಾದರೆ ಸ್ನಾಯು ಉಳುಕುತ್ತದೆ. ಡ್ರಮ್ಮಿನ ಸುತ್ತಲ ಮಣ್ಣು ಬೇಗ ಗುಳಿ ಬೀಳುವುದರಿಂದ ಕೆಲವು ಸವಾರರ ನಂತರ ಆಟ ನಿಲ್ಲಿಸಿ ನೆಲಕ್ಕೆ ಕುಂಟೆ ಹೊಡೆದು ಸಮ ಮಾಡುತ್ತಾರೆ. ಕುದುರೆಯ ಕಾಲಿಗೆ ರಕ್ಷಣೆಯ ಪಟ್ಟಿ ಕಟ್ಟುವುದು ವಾಡಿಕೆ. ಪೋನಿ ಕ್ಲಬ್ಬುಗಳಲ್ಲಿ ಹೆಲ್ಮೆಟ್ ಕಡ್ಡಾಯ. ರೋಡಿಯೊ ಕಣಗಳಲ್ಲಿ ಅಗಲ ಅಂಚಿನ ಟೋಪಿಯ ಸಂಪ್ರದಾಯ ಇನ್ನೂ ಗಟ್ಟಿಯಾಗಿದೆ. ಅವಸರಕ್ಕೆ ಬಿದ್ದು ಕುದುರೆಯ ಬಾಯಿ ಜಗ್ಗುವ, ಚಾಟಿ ಬೀಸುವ ಸವಾರರ ಬಗ್ಗೆ ಟೀಕೆ ಹಳೆಯದು. ಹಲವು ಸಂಸ್ಥೆಗಳು ಅತಿಯಾಗಿ ಹೊಡೆದವರನ್ನು ಸ್ಪರ್ಧೆಯಿಂದ ಹೊರಗಿಡುವ ನಿಯಮ ತಂದಿವೆ.

ಭಾರತ ಮತ್ತು ಕರ್ನಾಟಕ

ಭಾರತದ ಅಶ್ವದಳಗಳಲ್ಲಿ ಬೆಳೆದ, ಜಿಮ್ಖಾನಾದ ಹತ್ತಿರದ ಬಂಧು ಟೆಂಟ್ ಪೆಗ್ಗಿಂಗ್. ನಾಗಾಲೋಟದಲ್ಲಿ ಬಂದು ನೆಲದಲ್ಲಿ ಹುಗಿದ ಮರದ ಗೂಟವನ್ನು ಭರ್ಜಿಯಿಂದ ಚುಚ್ಚಿ ಎತ್ತಿಕೊಂಡು ಹೋಗಬೇಕು. ಗೂಟವನ್ನು ನಿಗದಿತ ದೂರ ಹೊತ್ತೊಯ್ದರೆ 6 ಅಂಕ, ಕಿತ್ತು ಬೀಳಿಸಿದರೆ 4, ತಾಗಿಸಿದರೆ 2. ಅಂಕಗಳ ಆಟವಾದರೂ ನಿಗದಿತ ಸಮಯದೊಳಗೆ ಓಡಬೇಕೆಂಬ ಕಟ್ಟು ಇದಕ್ಕೂ ಇದೆ. ಬಳೆಯನ್ನು ಚುಚ್ಚುವುದು, ಕತ್ತಿಯಿಂದ ನೇತಾಡುವ ನಿಂಬೆಹಣ್ಣು ಕಡಿಯುವುದು ಇದರ ಇತರ ಬಗೆಗಳು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಟೆಂಟ್ ಪೆಗ್ಗಿಂಗ್ ಪದಕದ ಆಟವಾಗಿತ್ತು; ವೈಯಕ್ತಿಕ ಚಿನ್ನ ಗೆದ್ದವರು ಭಾರತದ ರೂಪಿಂದರ್ ಸಿಂಗ್ ಬ್ರಾರ್.

ಸೇನೆಯ ಕುದುರೆಯಾಟಗಳ ಮುಖ್ಯ ನೆಲೆಗಳಲ್ಲಿ ಒಂದಾದ 61ನೇ ಅಶ್ವದಳ 1953ರಲ್ಲಿ ದೇಶೀ ಸಂಸ್ಥಾನಗಳ ರಾವುತಪಡೆಗಳನ್ನು ಕೂಡಿಸಿ ರೂಪುಗೊಂಡಿತು. ಅದರಲ್ಲಿ ಸೇರಿಹೋದ ಪಡೆಗಳಲ್ಲಿ ಮೊದಲ ಮಹಾಯುದ್ಧದ, 1918ರ ಹೈಫಾ ಕದನದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಕೂಡ ಒಂದು. ನಾಗರಿಕ ವಲಯದ ಸ್ಪರ್ಧೆಗಳಿಗೆ 1967ರಲ್ಲಿ ಸ್ಥಾಪನೆಯಾದ ಭಾರತೀಯ ಅಶ್ವಾರೋಹಣ ಒಕ್ಕೂಟ ಮಾತೃಸಂಸ್ಥೆ. ಸವಾರಿ ಶಾಲೆಗಳ ಕಿರಿಯರ ಕೂಟಗಳಲ್ಲಿ ಕಂಬಗಳ ನಡುವಿನ ಓಟ, ಚೆಂಡನ್ನು ಬಕೆಟ್ಟಿಗೆ ಹಾಕುವ ಓಟ ಮೊದಲಾದ ಆಟಗಳಿರುತ್ತವೆ. ಸೇನಾ ಸರಬರಾಜು ದಳದ ಕೇಂದ್ರ ಮತ್ತು ಖಾಸಗಿ ಸವಾರಿ ಶಾಲೆಗಳಿಂದಾಗಿ ಬೆಂಗಳೂರು ದೇಶದ ಪ್ರಮುಖ ಅಶ್ವಕ್ರೀಡಾ ಊರುಗಳಲ್ಲಿ ಒಂದು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಮೂರು ಬಗೆಯ ಸವಾರಿ ಪರೀಕ್ಷೆಗಳಿರುವ ಈವೆಂಟಿಂಗ್ ವಿಭಾಗದ ಎರಡು ಬೆಳ್ಳಿ ಗೆದ್ದ ಫೌವಾದ್ ಮಿರ್ಜಾ ಬೆಂಗಳೂರಿನವರು.

ಟಿಕೆಟ್ಟು ಕೊಂಡು ಮೈಸೂರು ದಸರೆಗೆ ಬರುವ ಸಾಮಾನ್ಯ ಪ್ರೇಕ್ಷಕರಿಗೆ ಜಿಮ್ಖಾನಾ ಕುಟುಂಬದ ಆಟ ಕಾಣುವುದು ವಿಜಯದಶಮಿಯ ರಾತ್ರಿ. ಜಂಬೂಸವಾರಿ ಮುಗಿದ ಮೇಲೆ ಬನ್ನಿಮಂಟಪ ಮೈದಾನದಲ್ಲಿ ನಡೆಯುವ ಪಂಜಿನ ಕವಾಯತಿನಲ್ಲಿ ಮೈಸೂರಿನ ಅಶ್ವಾರೋಹಿ ಪೊಲೀಸರು ಟೆಂಟ್ ಪೆಗ್ಗಿಂಗ್ ಪ್ರದರ್ಶಿಸುತ್ತಾರೆ.